ಕೇದರ್: ಗಾಳಕ್ಕೆ ಸಿಕ್ಕರೆ ಹುಲಿ, ಐಸ್ ಇಲ್ಲದಿದ್ದರೆ ವಿಷ

ಅಡಿಕೆ, ತೆಂಗು, ತರಕಾರಿ ಬಗ್ಗೆ ಮಾತಾಡೋ ಜಾಗದಲ್ಲಿ ಈ ವಾರ ಮೀನು ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಕಾರವಾರದಿಂದ ಉಳ್ಳಾಲದವರೆಗೆ ಕಡಲಿನ ಅಂಚಿನಲ್ಲಿ ತೋಟ ಮಾಡುವ ನಮ್ಮಲ್ಲಿ ಎಷ್ಟೋ ಜನರಿಗೆ ಒಂದು ಕಾಲು ಗದ್ದೆಯಲ್ಲಿ, ಇನ್ನೊಂದು ಕಾಲು ನೀರಲ್ಲಿ. ಭಾನುವಾರ ಬಂತು ಅಂದ್ರೆ ಬಂಡೆ ಮೇಲೆ ರಾಡ್ ಹಿಡಿದು ನಿಲ್ಲುವ ಹುಡುಗರಲ್ಲಿ ಅರ್ಧಕ್ಕರ್ಧ ಕೃಷಿ ಮನೆಯವರೇ. ಅವರ ಮೊಬೈಲಲ್ಲಿ ಹೆಚ್ಚಾಗಿ ಕಾಣೋ ಫೋಟೊ ಅಂಜಲ್ ಅಥವಾ ಮುರುಮೀನಿನದ್ದು. ಆದರೆ ತೂಕಕ್ಕೆ ತಕ್ಕ ಜೋರು ಲೆಕ್ಕ ಹಾಕಿದರೆ, ಇವೆರಡಕ್ಕೂ ಸವಾಲು ಹಾಕುವ ಮೀನು ಇನ್ನೊಂದಿದೆ. ಅದೇ ಕೇದರ್.

ಊರಿಂದೂರಿಗೆ ಇದರ ಹೆಸರು ಬದಲಾಗುತ್ತೆ. ಕೇದರ್, ಗೆದರೆ, ಕುಪ್ಪ ಎಲ್ಲವೂ ನಮ್ಮಲ್ಲಿ ಟ್ಯೂನಾ ಜಾತಿಯ ಮೀನಿಗೆ ಹೇಳುವ ಹೆಸರುಗಳೇ. ಮಲಯಾಳದಲ್ಲಿ ಚೂರ, ತಮಿಳಲ್ಲಿ ಸೂರೈ. ಹವಾಯಿ ದ್ವೀಪದವರು ಇಟ್ಟ ಕವಕವ ಎಂಬ ಹೆಸರು ಈಗ ಜಗತ್ತಿನ ಗಾಳಗಾರರ ಬಾಯಲ್ಲಿದೆ. ವಿಜ್ಞಾನದ ಹೆಸರು ಯುಥಿನ್ನಸ್ ಅಫಿನಿಸ್. 1849ರಲ್ಲಿ ಕ್ಯಾಂಟರ್ ಎಂಬ ವಿಜ್ಞಾನಿ ಇದನ್ನು ಮೊದಲು ದಾಖಲಿಸಿದ್ದು.

ಈ ಮೀನನ್ನು ಅರ್ಥ ಮಾಡಿಕೊಳ್ಳೋಕೆ ಒಂದೇ ವಿಷಯ ನೆನಪಿಟ್ಟರೆ ಸಾಕು: ಇದರ ಮೈ ಬಿಸಿ. ಗಾಳಗಾರನಿಗೆ ಅದು ಕೊಡೋ ಖುಷಿಗೂ, ಮನೆಗೆ ಬರುವಷ್ಟರಲ್ಲಿ ಕೆಟ್ಟುಹೋಗೋದಕ್ಕೂ ಆ ಬಿಸಿಯ ಪಾಲು ದೊಡ್ಡದು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಗುರುತು ಹಿಡಿಯೋದು ಹೇಗೆ?

ಮಾರುಕಟ್ಟೆಯಲ್ಲಿ ನಾಲ್ಕೈದು ಜಾತಿಯ ಸಣ್ಣ ಟ್ಯೂನಾಗಳು ಒಂದೇ ಬುಟ್ಟಿಯಲ್ಲಿ, ಒಂದೇ ಹೆಸರಲ್ಲಿ ಇರುತ್ತವೆ. ನಾವು ಹೇಳ್ತಿರೋ ಜಾತಿಯ ಗುರುತು ಹೀಗಿದೆ:

- ಬೆನ್ನು ಕಡುನೀಲಿ. ಅದರ ಹಿಂಭಾಗದಲ್ಲಿ ಯಾರೋ ಅವಸರದಲ್ಲಿ ಗೀಚಿದ ಹಾಗೆ ಓರೆಯಾದ, ತುಂಡು ತುಂಡಾದ ಕಪ್ಪು ಗೆರೆಗಳು.
- ಹೊಟ್ಟೆ ಬೆಳ್ಳಿ ಬಣ್ಣ, ಗೆರೆ ಇಲ್ಲ. ಹೊಟ್ಟೆಯ ಮೇಲೆ ಉದ್ದುದ್ದ ಪಟ್ಟಿ ಇದ್ದರೆ ಅದು ಸ್ಕಿಪ್‌ಜಾಕ್, ಬೇರೆ ಜಾತಿ.
- ಎದೆಯ ರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆಗಳು. ಬೆರಳಿಗೆ ಮಸಿ ಹಚ್ಚಿ ಒತ್ತಿದ ಹಾಗೆ ಕಾಣುತ್ತವೆ.
- ಬೆನ್ನಿನ ಎರಡು ರೆಕ್ಕೆಗಳು ಹತ್ತಿರ ಹತ್ತಿರ ಇರುತ್ತವೆ. ಎರಡರ ಮಧ್ಯೆ ದೊಡ್ಡ ಖಾಲಿ ಜಾಗ ಇದ್ದರೆ ಅದು ಫ್ರಿಗೇಟ್ ಟ್ಯೂನಾ.
- ಎದೆಯ ಸುತ್ತ ಮತ್ತು ಪಕ್ಕದ ಗೆರೆಯ ಮೇಲೆ ಬಿಟ್ಟರೆ ಮೈಮೇಲೆ ಹುರುಪೆ ಇಲ್ಲ. ನಯವಾಗಿ ಜಾರುತ್ತೆ.

ಈ ಜಾತಿ ಸುಮಾರು 1 ಮೀಟರ್ ಉದ್ದದವರೆಗೆ ಬೆಳೆಯಬಲ್ಲದು. ನಮಗೆ ಸಾಮಾನ್ಯವಾಗಿ ಸಿಗೋದು 30ರಿಂದ 60 ಸೆಂ.ಮೀ. ಒಳಗಿನದ್ದು. 50 ಸೆಂ.ಮೀ. ಮೀನು ಹೆಚ್ಚುಕಡಿಮೆ 2 ಕೆಜಿ ತೂಗುತ್ತೆ. ಕೆಂಪು ಸಮುದ್ರದಿಂದ ಹಿಡಿದು ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳ ತನಕ ಇದರ ವಾಸ. ಯೆಲ್ಲೋಫಿನ್‌ನಂತಹ ದೊಡ್ಡ ಟ್ಯೂನಾ ಆಳ ಸಮುದ್ರದ್ದು; ಇದು ದಡದ ಹತ್ತಿರದ್ದು. ದೊಡ್ಡ ಬೋಟು, ಲಕ್ಷಗಟ್ಟಲೆ ಡೀಸೆಲ್ ಇಲ್ಲದೆಯೂ ಸಾಮಾನ್ಯ ಮನುಷ್ಯನ ಕೈಗೆ ಎಟುಕುವ ಟ್ಯೂನಾ ಇದು. ಗಾಳಗಾರರು ಇದನ್ನು ಮೆಚ್ಚೋಕೆ ಮೊದಲ ಕಾರಣವೇ ಇದು.

2 ಕೆಜಿ ಮೀನಿಗೆ ಇಷ್ಟು ಬಲ ಎಲ್ಲಿಂದ?

ಹೆಚ್ಚಿನ ಮೀನುಗಳ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತೆ. ಟ್ಯೂನಾ ಕುಲ ಹಾಗಲ್ಲ. ಈಜಲು ಬಳಸುವ ಕೆಂಪು ಮಾಂಸ ಇವಕ್ಕೆ ಬೆನ್ನುಮೂಳೆಯ ಹತ್ತಿರ, ಒಳಗೆ ಇರುತ್ತೆ. ಅಲ್ಲಿಂದ ಹೊರಗೆ ಹೋಗುವ ಬಿಸಿ ರಕ್ತ ಮತ್ತು ಒಳಗೆ ಬರುವ ತಣ್ಣನೆಯ ರಕ್ತ ಹರಿಯುವ ಸಣ್ಣ ನಾಳಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಹೊರಗೆ ಹೋಗುವ ರಕ್ತ ತನ್ನ ಬಿಸಿಯನ್ನು ಒಳಬರುವ ರಕ್ತಕ್ಕೆ ಕೊಟ್ಟು ಹೋಗುತ್ತೆ. ಹಾಗಾಗಿ ಸ್ನಾಯುವಿನ ಬಿಸಿ ನೀರಿಗೆ ಸೋರಿಹೋಗಲ್ಲ. ಬಿಸಿ ಸ್ನಾಯು ಬೇಗ ಕೆಲಸ ಮಾಡುತ್ತೆ, ದಣಿವೂ ಬೇಗ ಆಗಲ್ಲ.

ಮೈಕಟ್ಟೂ ಅದಕ್ಕೆ ತಕ್ಕ ಹಾಗೇ ಇದೆ. ಬೆನ್ನಿನ ಮುಂದಿನ ರೆಕ್ಕೆ ಮಡಚಿ ಗುಳಿಯೊಳಗೆ ಸೇರಿಕೊಳ್ಳುತ್ತೆ. ಬಾಲದ ಬುಡ ತೆಳ್ಳಗೆ, ಬಾಲ ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗಿರುತ್ತೆ. ಅನೇಕ ಮೀನುಗಳಲ್ಲಿರುವ ಗಾಳಿಚೀಲ ಈ ಜಾತಿಗೆ ಇಲ್ಲ. ಆದ್ದರಿಂದ ಮೇಲಿಂದ ಆಳಕ್ಕೆ, ಆಳದಿಂದ ಮೇಲಕ್ಕೆ ಬೇಕಾದ ಹಾಗೆ ನುಗ್ಗಬಲ್ಲದು. ಇನ್ನೊಂದು ವಿಚಿತ್ರ: ಇದು ನಿಂತಲ್ಲೇ ಉಸಿರಾಡೋಕೆ ಆಗಲ್ಲ. ಬಾಯಿ ತೆರೆದು ಮುಂದೆ ಈಜಿದರೆ ಮಾತ್ರ ಕಿವಿರಿನ ಮೇಲೆ ನೀರು ಹರಿಯುತ್ತೆ. ಹುಟ್ಟಿನಿಂದ ಸಾವಿನ ತನಕ ಓಟ ನಿಲ್ಲಿಸುವಂತಿಲ್ಲ.

ಇಂಥ ಮೀನು ಗಾಳ ಕಚ್ಚಿದಾಗ ಏನಾಗುತ್ತೆ ಅನ್ನೋದನ್ನು ಊಹಿಸಿಕೊಳ್ಳಿ. ಮೊದಲ ಓಟದಲ್ಲೇ ರೀಲು ಕಿರುಚುತ್ತಾ ಹತ್ತಾರು ಮೀಟರ್ ದಾರ ಹೊರಗೆ ಹೋಗುತ್ತೆ. ಸೋತಿತು ಅಂದುಕೊಂಡು ಹತ್ತಿರ ಎಳೆದರೆ, ದೋಣಿ ಕಂಡ ಕೂಡಲೇ ಎರಡನೇ ಓಟ. ಕೊನೆಗೆ ದೋಣಿಯ ಕೆಳಗೆ ಸುತ್ತು ಸುತ್ತು ಹಾಕುತ್ತಾ ಕೈ ನೋಯಿಸುತ್ತೆ. ಬಾಲದ ಬಡಿತ ರಾಡಿನ ಮೂಲಕ ಮೊಣಕೈ ತನಕ ಗೊತ್ತಾಗುತ್ತೆ.

ಬೇರೆ ಕಡೆ ಏನು ಮಾಡ್ತಾರೆ?

ಇದರ ಅಟ್ಲಾಂಟಿಕ್ ದಾಯಾದಿಯೊಂದಿದೆ, ಯುಥಿನ್ನಸ್ ಅಲೆಟ್ಟೆರೇಟಸ್. ಅಮೆರಿಕದ ಗಾಳಗಾರರು ಅದನ್ನು ಫಾಲ್ಸ್ ಆಲ್ಬಕೋರ್, ಪ್ರೀತಿಯಿಂದ ಆಲ್ಬೀ ಅಂತಾರೆ. ಅಲ್ಲಿ ತಿನ್ನೋಕೆ ಅದಕ್ಕೆ ಅಂಥ ಬೆಲೆಯಿಲ್ಲ. ಆದರೆ ಉತ್ತರ ಕೆರೊಲಿನಾದ ಕೇಪ್ ಲುಕ್‌ಔಟ್, ಹಾರ್ಕರ್ಸ್ ಐಲೆಂಡ್ ಕಡೆ ಅಕ್ಟೋಬರ್–ನವೆಂಬರ್ ಬಂತು ಅಂದ್ರೆ ಈ ಮೀನಿಗಾಗಿಯೇ ದೂರದೂರಿಂದ ಜನ ಬರ್ತಾರೆ. ಹಿಡೀತಾರೆ, ಹೆಚ್ಚಿನವರು ವಾಪಸ್ ಬಿಡ್ತಾರೆ. ದುಡ್ಡು ಉಳಿಯೋದು ಅಲ್ಲಿನ ಗೈಡುಗಳಿಗೆ, ಲಾಡ್ಜಿಗೆ, ಅಂಗಡಿಗೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇರೋದು ನಮ್ಮದೇ ಜಾತಿ. ಮ್ಯಾಕರೆಲ್ ಟ್ಯೂನಾ ಅಂತಾರೆ. ಮೋರ್ಟನ್ ಬೇ, ಹರ್ವಿ ಬೇ ಎಂಬ ಕೊಲ್ಲಿಗಳಲ್ಲಿ ಸಣ್ಣ ದೋಣಿಯಲ್ಲಿ ಹೋಗಿ ಇದರ ಹಿಂಡನ್ನು ಬೆನ್ನಟ್ಟೋದು ದೊಡ್ಡ ಹವ್ಯಾಸ. ಅಲ್ಲೂ ಇದನ್ನು ತಿನ್ನುವವರು ಕಡಿಮೆ; ಬೇರೆ ಮೀನಿಗೆ ಎರೆಯಾಗಿ ಬಳಸೋದೇ ಹೆಚ್ಚು.

ನಮ್ಮಲ್ಲಿ ಕಥೆ ಬೇರೆ. ಇಲ್ಲಿ ಕೇದರ್ ಊಟದ ಮೀನು. ಅಂಜಲಿನಷ್ಟು ರೇಟು ಸಿಗದಿದ್ದರೂ ಬಡವರ ತಟ್ಟೆಗೆ ಮಾಂಸ ತುಂಬಿಸುವ ಮೀನು. ಹಾಗಾಗಿ 'ಹಿಡಿದು ಬಿಡಿ' ಅನ್ನುವ ಉಪದೇಶವನ್ನು ಅಲ್ಲಿಂದ ಎತ್ತಿ ಇಲ್ಲಿ ಇಡೋಕಾಗಲ್ಲ. ಅಲ್ಲಿಂದ ಕಲಿಯಬೇಕಾದ್ದು ಒಂದೇ: ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಯ ಮೀನಿಗೂ ಗಾಳದ ತುದಿಯಲ್ಲಿ ಇನ್ನೊಂದು ಬೆಲೆ ಇದೆ.

ಯಾವಾಗ, ಎಲ್ಲಿ, ಹೇಗೆ?

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಹುಡುಕಿ. ಮಣ್ಣುನೀರಿನಲ್ಲಿ ಇದಕ್ಕೆ ಕೆಲಸವಿಲ್ಲ, ಇದು ಕಣ್ಣಿಂದ ಬೇಟೆಯಾಡುವ ಮೀನು. ಭೂತಾಯಿ, ಬೊಳಂಜೀರ್, ಬೊಂಡಾಸ್ ಇದರ ಊಟ. ಆ ಸಣ್ಣ ಮೀನಿನ ಹಿಂಡು ಎಲ್ಲಿ ಹೋಗುತ್ತೋ ಅಲ್ಲಿಗೆ ಇದೂ ಬರುತ್ತೆ.

ಹಕ್ಕಿ ನೋಡಿ. ಕಡಲಹಕ್ಕಿಗಳು ಒಂದೇ ಕಡೆ ಸುತ್ತುತ್ತಾ ನೀರಿಗೆ ಬೀಳುತ್ತಿದ್ದರೆ, ಕೆಳಗೆ ನೀರು ಕುದಿಯೋ ಹಾಗೆ ಕಂಡರೆ, ಹಿಂಡು ಅಲ್ಲಿದೆ. ದೋಣಿಯನ್ನು ಹಿಂಡಿನ ಮಧ್ಯಕ್ಕೆ ನುಗ್ಗಿಸಬೇಡಿ. ಕ್ಷಣದಲ್ಲಿ ಎಲ್ಲ ಕೆಳಗಿಳಿದು ಮಾಯ. ಅದು ಸಾಗುವ ದಿಕ್ಕು ನೋಡಿ, ಮುಂದೆ ಹೋಗಿ, ಎಂಜಿನ್ ತಗ್ಗಿಸಿ ಕಾಯಬೇಕು.

ಮೊಬೈಲನ್ನೂ ಉಪಯೋಗಿಸಿ. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಪ್ರದೇಶಗಳ ಮಾಹಿತಿ ಕೊಡುತ್ತೆ. ಉಪಗ್ರಹದಿಂದ ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ನೀರಿನ ಹಸಿರು ಅಂಶ ಅಳೆದು, ತಣ್ಣನೆಯ ನೀರು ಬಿಸಿ ನೀರು ಸೇರುವ ಅಂಚುಗಳನ್ನು ಗುರುತಿಸ್ತಾರೆ. ಹಸಿರು ಇದ್ದಲ್ಲಿ ಸಣ್ಣ ಮೀನು, ಸಣ್ಣ ಮೀನಿದ್ದಲ್ಲಿ ಕೇದರ್. ಅವರ 'ಸಮುದ್ರ' ಆ್ಯಪ್‌ನಲ್ಲಿ ಅಲೆಯ ಮುನ್ಸೂಚನೆ, ಎಚ್ಚರಿಕೆಗಳೂ ಬರುತ್ತವೆ. ಮೀನಿನ ಮಾಹಿತಿಗಿಂತ ಮೊದಲು ನೋಡಬೇಕಾದ್ದು ಅದನ್ನೇ.

ಸಾಮಾನು ಸರಂಜಾಮು ಸರಳ:

- 7ರಿಂದ 8 ಅಡಿಯ ಮಧ್ಯಮ ಸ್ಪಿನ್ನಿಂಗ್ ರಾಡ್, 4000 ಅಥವಾ 5000 ಸೈಜಿನ ರೀಲ್.
- 20 ಪೌಂಡ್ ಬ್ರೇಡ್ ದಾರ, ಕಡಿಮೆಯೆಂದರೆ 200 ಮೀಟರ್. ತುದಿಗೆ 25–30 ಪೌಂಡಿನ ಫ್ಲೋರೊಕಾರ್ಬನ್ ಒಂದೆರಡು ಮೀಟರ್. ಇದರ ಹಲ್ಲು ಅಂಜಲಿನಷ್ಟು ಚೂಪಲ್ಲ, ತಂತಿ ಬೇಕಾಗಲ್ಲ.
- 20ರಿಂದ 40 ಗ್ರಾಂ ತೂಕದ ಹೊಳೆಯುವ ಲೋಹದ ಜಿಗ್. ಅದರ ಉದ್ದ ಅಲ್ಲಿ ಓಡಾಡುವ ಸಣ್ಣ ಮೀನಿನಷ್ಟೇ ಇರಲಿ. ಬೊಳಂಜೀರ್ ತಿನ್ನೋ ಹೊತ್ತಲ್ಲಿ ಅಂಗೈಯಷ್ಟು ದೊಡ್ಡ ಲೂರ್ ಹಾಕಿದರೆ ತಿರುಗಿಯೂ ನೋಡಲ್ಲ.
- ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ. ಮೀನಿಗೂ ನಿಮ್ಮ ಬೆರಳಿಗೂ ಒಳ್ಳೇದು.

ಎಸೆದ ಮೇಲೆ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಸುತ್ತಿ. ನಿಮ್ಮ ಕೈ ಎಷ್ಟೇ ಬೇಗ ಓಡಿದರೂ ಅದು ಕೇದರ್‌ಗೆ ಹೆಚ್ಚಲ್ಲ. ಡ್ರ್ಯಾಗ್ 2–3 ಕೆಜಿಗೆ ಇಡಿ. ಮೊದಲ ಓಟದಲ್ಲಿ ಬಿಗಿ ಮಾಡೋಕೆ ಹೋಗಬೇಡಿ, ಓಡೋಕೆ ಬಿಡಿ. ಹಾಗಂತ ತೀರಾ ತೆಳು ದಾರದಲ್ಲಿ ಅರ್ಧ ಗಂಟೆ ಆಟ ಆಡಿಸೋದೂ ಸರಿಯಲ್ಲ. ಹೋರಾಡಿದಷ್ಟೂ ಅದರ ಮೈ ಇನ್ನಷ್ಟು ಬಿಸಿಯಾಗಿ ಮಾಂಸದಲ್ಲಿ ಆಮ್ಲ ಸೇರಿಕೊಳ್ಳುತ್ತೆ. ತಿನ್ನೋಕೂ ರುಚಿ ಕೆಡುತ್ತೆ, ಬಿಟ್ಟರೂ ಬದುಕೋದು ಕಷ್ಟ.

ಬಂಡೆ ಮೇಲಿಂದ ಎಸೆಯೋರಿಗೆ ಒಂದು ಮಾತು. ಪಾಚಿ ಹಿಡಿದ ಬಂಡೆ, ಹಿಂದಿನಿಂದ ಬರೋ ದೊಡ್ಡ ಅಲೆ, ಸೆಲ್ಫಿ – ಈ ಮೂರೂ ಒಟ್ಟಿಗೆ ಸೇರಬಾರದು. ಒಬ್ಬರೇ ಹೋಗಬೇಡಿ. ಲೈಫ್ ಜಾಕೆಟ್ ಹಾಕಿ. ಹಿಂದಿನ ಅಲೆ ಎಲ್ಲಿಯವರೆಗೆ ಬಂಡೆ ಒದ್ದೆ ಮಾಡಿದೆ ಅಂತ ಹತ್ತು ನಿಮಿಷ ನಿಂತು ನೋಡಿ, ಆಮೇಲೆ ಜಾಗ ಹಿಡೀರಿ.

ಮೊದಲ ಹತ್ತು ನಿಮಿಷ

ಈಗ ಮುಖ್ಯ ವಿಷಯ. ತೋಟಗಾರಿಕೆ ಓದಿದವರಿಗೆಲ್ಲ ಮೊದಲು ಹೇಳಿಕೊಡೋ ಪಾಠಗಳಲ್ಲಿ ಒಂದು: ಕೊಯ್ದ ತರಕಾರಿಯ ಒಳಗೆ ಹೊಲದ ಬಿಸಿ ಇರುತ್ತೆ, ಅದನ್ನು ಮೊದಲು ತೆಗೆಯಬೇಕು. ಬೆಳಿಗ್ಗೆ ಕೊಯ್ದು, ನೆರಳಿಗೆ ಹಾಕಿ, ತಂಪು ಮಾಡಿ, ಆಮೇಲೆ ಪ್ಯಾಕ್ ಮಾಡು ಅಂತೀವಿ. ಕೇದರ್‌ಗೂ ಇದೇ ಪಾಠ, ಇನ್ನೂ ಕಟ್ಟುನಿಟ್ಟಾಗಿ. ಯಾಕಂದ್ರೆ ತರಕಾರಿ ಬಾಡಿದರೆ ನಷ್ಟ ದುಡ್ಡಿನದ್ದು. ಇಲ್ಲಿ ಆರೋಗ್ಯದ್ದು.

ಟ್ಯೂನಾ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೆಚ್ಚು. ಸತ್ತ ಮೀನು ಬಿಸಿಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತೆ. ಅಂಥ ಮೀನು ತಿಂದ ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ಮುಖ ಕೆಂಪಾಗೋದು, ತುರಿಕೆ, ತಲೆನೋವು, ಎದೆ ಹೊಡೆದುಕೊಳ್ಳೋದು, ವಾಂತಿ ಭೇದಿ ಕಾಣಿಸಬಹುದು. 'ಮೀನಿನ ಅಲರ್ಜಿ' ಅಂತ ನಾವು ಸುಮ್ಮನಾಗೋ ಕೆಲವು ಪ್ರಸಂಗಗಳು ನಿಜವಾಗಿ ಇದೇ ಇರಬಹುದು. ಭಯದ ಸಂಗತಿ ಏನೆಂದರೆ, ಒಮ್ಮೆ ಆದ ಹಿಸ್ಟಮಿನ್ ಕುದಿಸಿದರೂ, ಹುರಿದರೂ, ಫ್ರೀಜ್ ಮಾಡಿದರೂ ಹೋಗಲ್ಲ. ಮೀನು ನೋಡೋಕೆ, ಮೂಸೋಕೆ ಚೆನ್ನಾಗೇ ಇರಬಹುದು. ಇಂಥ ಲಕ್ಷಣ ಕಂಡರೆ ಮನೆಮದ್ದು ಮಾಡ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ, ಯಾವ ಮೀನು ತಿಂದಿದ್ದೀರಿ ಅಂತ ಡಾಕ್ಟರಿಗೆ ಹೇಳಿ.

ತಡೆಯೋದು ಸುಲಭ. ಕ್ರಮ ಹೀಗಿದೆ:

1. ಮನೆಗೆ ಒಯ್ಯುವ ಮೀನನ್ನು ದೋಣಿಗೆ ಎಳೆದ ಕೂಡಲೇ ತಲೆಗೆ ಒಂದೇ ಏಟು ಕೊಟ್ಟು ಕೊಲ್ಲಿ. ಒದ್ದಾಡೋಕೆ ಬಿಡಬೇಡಿ.
2. ಕಿವಿರಿನ ಬುಡ ಕತ್ತರಿಸಿ ಬಕೆಟ್ ಸಮುದ್ರದ ನೀರಿನಲ್ಲಿ ತಲೆಕೆಳಗಾಗಿ ಇಡಿ. ಐದು ನಿಮಿಷದಲ್ಲಿ ಬಹುಪಾಲು ರಕ್ತ ಹೋಗುತ್ತೆ.
3. ಹೊಟ್ಟೆ, ಕಿವಿರು ತೆಗೆದು ತೊಳೆಯಿರಿ.
4. ಐಸಿನ ಪುಡಿಗೆ ಸ್ವಲ್ಪ ಸಮುದ್ರದ ನೀರು ಬೆರೆಸಿದ ಗಂಜಿಯಂಥ ಮಿಶ್ರಣದಲ್ಲಿ ಮುಳುಗಿಸಿ. ಬರೀ ಐಸ್ ತುಂಡಿನ ಮೇಲೆ ಇಟ್ಟರೆ ಮುಟ್ಟಿದ ಕಡೆ ಮಾತ್ರ ತಣ್ಣಗಾಗುತ್ತೆ. ನೀರು ಬೆರೆತರೆ ಸುತ್ತಲಿಂದ ತಣ್ಣಗಾಗುತ್ತೆ.
5. ಲೆಕ್ಕ: 1 ಕೆಜಿ ಮೀನಿಗೆ ಕನಿಷ್ಠ 1 ಕೆಜಿ ಐಸ್. ಮನೆಗೆ ಬಂದ ಮೇಲೂ 4 ಡಿಗ್ರಿಗಿಂತ ಕೆಳಗೇ ಇರಲಿ.

ಐಸ್ ಒಯ್ಯೋಕೆ ಆಗದ ದಿನ ಕೇದರ್ ಹಿಡಿದು ಮನೆಗೆ ತರಲೇಬೇಡಿ, ಬಿಟ್ಟುಬಿಡಿ. ಬೈಕಿನ ಹ್ಯಾಂಡಲ್‌ಗೆ ಪ್ಲಾಸ್ಟಿಕ್ ಚೀಲದಲ್ಲಿ ನೇತುಹಾಕಿಕೊಂಡು ಮಧ್ಯಾಹ್ನ ಮೂವತ್ತು ಕಿಲೋಮೀಟರ್ ಬರೋ ಮೀನು ಇದಲ್ಲ.

ಬಿಡುವಾಗಲೂ ಒಂದು ಕ್ರಮ ಇದೆ. ಕೈ ಒದ್ದೆ ಮಾಡಿಕೊಳ್ಳಿ, ಬಿಸಿ ಹಲಗೆ ಮೇಲೆ ಇಡಬೇಡಿ, ಫೋಟೊ ಒಂದೇ. ಆಮೇಲೆ ಬಾಲದ ಬುಡ ಹಿಡಿದು ತಲೆ ಕೆಳಗೆ ಮಾಡಿ ಬಾಣದ ಹಾಗೆ ನೀರಿಗೆ ಚುಚ್ಚಿ ಬಿಡಿ. ಮೆಲ್ಲಗೆ ನೀರಲ್ಲಿ ಮಲಗಿಸಿದರೆ ಅದಕ್ಕೆ ಉಸಿರು ಸಿಗಲ್ಲ; ನೀರೊಳಗೆ ನುಗ್ಗಿದರೆ ಕಿವಿರಿನ ಮೇಲೆ ನೀರು ಹರಿದು ಓಟ ಶುರುವಾಗುತ್ತೆ. ನಮ್ಮ ಕಡಲಲ್ಲಿ ಈ ಜಾತಿ ಸುಮಾರು 40 ಸೆಂ.ಮೀ. ಹತ್ತಿರ ಬಂದಾಗ ಮೊದಲ ಸಲ ಮೊಟ್ಟೆ ಇಡುತ್ತೆ. ಹಾಗಾಗಿ ಮೊಣಕೈಯಿಂದ ಬೆರಳ ತುದಿಗಿಂತ ಚಿಕ್ಕದಿದ್ದರೆ ಬಿಡೋದೇ ಜಾಣತನ.

ಅಡುಗೆಮನೆಗೆ ಮತ್ತು ತೋಟಕ್ಕೆ

ರಕ್ತ ಬಸಿದು ಐಸಿನಲ್ಲಿಟ್ಟ ಕೇದರ್ ತಿಂದವರು 'ಇದು ಅದೇ ಮೀನಾ?' ಅಂತ ಕೇಳ್ತಾರೆ. ಮಧ್ಯದ ಕಪ್ಪು-ಕೆಂಪು ಪಟ್ಟಿ ಬಿಡಿಸಿ ತೆಗೆದರೆ ಆ ಕಟು ವಾಸನೆ ಬಹಳ ಕಡಿಮೆಯಾಗುತ್ತೆ. ಹುಳಿ ಮುಂದಾಗಿರೋ ಪುಳಿಮುಂಚಿ, ಇಲ್ಲವೇ ಬೇಯಿಸಿ ಉದುರಿಸಿ ತೆಂಗಿನಕಾಯಿ ಹಾಕಿದ ಸುಕ್ಕ, ಎರಡಕ್ಕೂ ಈ ಗಟ್ಟಿ ಮಾಂಸ ಹೇಳಿಮಾಡಿಸಿದ್ದು.

ತಲೆ, ಕರುಳು, ಕಿವಿರು, ಕಪ್ಪು ಪಟ್ಟಿ ಎಲ್ಲ ಸೇರಿ ದೊಡ್ಡ ಪಾಲು ಉಳಿಯುತ್ತಲ್ಲ, ಅದು ನಮ್ಮ ತೋಟದ್ದು. 1 ಕೆಜಿ ಮೀನಿನ ತ್ಯಾಜ್ಯಕ್ಕೆ 1 ಕೆಜಿ ಬೆಲ್ಲ. ತ್ಯಾಜ್ಯವನ್ನು ಸಿಹಿನೀರಲ್ಲಿ ಒಮ್ಮೆ ತೊಳೆದು ಉಪ್ಪು ತೆಗೆಯಿರಿ, ಸಣ್ಣಗೆ ಕತ್ತರಿಸಿ, ಪುಡಿ ಮಾಡಿದ ಬೆಲ್ಲದ ಜೊತೆ ಪದರ ಪದರವಾಗಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಮೂರನೇ ಒಂದು ಭಾಗ ಖಾಲಿ ಇರಲಿ. ಮುಚ್ಚಳ ಬಿಗಿಮಾಡಿ ನೆರಳಲ್ಲಿಡಿ, ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸಡಿಲಿಸಿ ಗ್ಯಾಸ್ ಬಿಡಿ. ಸುಮಾರು 25–30 ದಿನದಲ್ಲಿ ಕಂದು ಬಣ್ಣದ ದ್ರಾವಣ ಸಿಗುತ್ತೆ. ಕೊಳೆತ ನಾತ ಬರಬಾರದು. ಬೆಲ್ಲ ಹುದುಗಿದ ವಾಸನೆ ಬರಬೇಕು. ಸೋಸಿ, 1 ಲೀಟರ್ ನೀರಿಗೆ 2–5 ಮಿ.ಲೀ. ಬೆರೆಸಿ ಸಂಜೆ ಸಿಂಪಡಿಸಿ. ಮೊದಲ ಸಲ 2 ಮಿ.ಲೀ.ಯಿಂದಲೇ ಶುರು ಮಾಡಿ. ನಾನು ಹೀರೆ, ಅಲಸಂಡೆ, ಬೆಂಡೆಗೆ ಹೂ ಬಿಡುವ ಮೊದಲು ಕೊಡ್ತೀನಿ. ಕೊಯ್ಲಿಗೆ ಬಂದ ಸೊಪ್ಪಿಗೆ ಕೊಡಲ್ಲ. ಡಬ್ಬಿ ನಾಯಿಗೆ ಎಟುಕದ ಜಾಗದಲ್ಲಿರಲಿ, ಇದನ್ನು ಮರೆತರೆ ರಾತ್ರಿಯಿಡೀ ನಿದ್ದೆ ಇಲ್ಲ.

ದುಡಿಮೆ ಆಗುತ್ತಾ?

ಗಾಳವೇ ಜೀವನ ಅಂತ ಯಾರೂ ತೋಟ ಬಿಡಬೇಡಿ. ಆದರೆ ಕಡಲ ಪಕ್ಕ ಹೋಮ್‌ಸ್ಟೇ ಇರುವವರಿಗೆ, ಊರಿನ ದೋಣಿಯವರ ಸ್ನೇಹ ಇರುವವರಿಗೆ ಇದೊಂದು ಕೈಗಾವಲು ಆದಾಯ ಆಗಬಹುದು. ಬೆಂಗಳೂರಿನಿಂದ ಬರೋ ಗಾಳದ ಹವ್ಯಾಸಿಗೆ ಬೇಕಾಗಿರೋದು ದೊಡ್ಡ ಮೀನಿನ ಗ್ಯಾರಂಟಿ ಅಲ್ಲ. ಜಾಗ ತಿಳಿದ ಮನುಷ್ಯ, ಸುರಕ್ಷಿತ ದೋಣಿ, ಐಸ್ ಪೆಟ್ಟಿಗೆ, ಸಂಜೆ ಒಳ್ಳೆ ಊಟ.

ಶುರು ಮಾಡೋ ಮುಂಚೆ ಮೂರು ವಿಷಯ ಗಮನದಲ್ಲಿರಲಿ. ಒಂದು, ಮೀನುಗಾರಿಕೆ ದೋಣಿಗೆ ಇರುವ ನೋಂದಣಿ ಬೇರೆ, ಪ್ರವಾಸಿಗರನ್ನು ಕೂರಿಸಿಕೊಂಡು ಹೋಗೋಕೆ ಬೇಕಾದ ಅನುಮತಿ ಬೇರೆ. ನಿಮ್ಮ ತಾಲೂಕಿನ ಮೀನುಗಾರಿಕೆ ಇಲಾಖೆ ಮತ್ತು ಬಂದರು ಕಚೇರಿಯಲ್ಲಿ ಕೇಳಿ, ಬರಹದಲ್ಲೇ ಪಡೆಯಿರಿ. ಎರಡು, ಜೂನ್ 1ರಿಂದ ಜುಲೈ 31ರ ತನಕ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಹೊತ್ತಿನ ಕಡಲು ಹವ್ಯಾಸಿಗಳಿಗೆ ಅಲ್ಲವೇ ಅಲ್ಲ. ಮೂರು, ಎಲ್ಲಿ ಹಿಂಡು ಬರುತ್ತೆ, ಯಾವ ಗಾಳಿಗೆ ಕಡಲು ಕೆರಳುತ್ತೆ ಅನ್ನುವ ಜ್ಞಾನ ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯಗಳು ತಲೆತಲಾಂತರದಿಂದ ಉಳಿಸಿಕೊಂಡು ಬಂದದ್ದು. ಅವರನ್ನು ಬಿಟ್ಟು ಮಾಡೋ ವ್ಯಾಪಾರ ನಿಲ್ಲಲ್ಲ. ಅವರಿಗೆ ಸರಿಯಾದ ಪಾಲು ಕೊಟ್ಟೇ ಮಾಡಿ. ಅವರ ಬಲೆ ಬಿಟ್ಟ ಜಾಗಕ್ಕೆ ಗಾಳ ಎಸೆಯಬೇಡಿ.

ಈ ಸೀಸನ್‌ಗೆ ರಾಡ್ ಕೊಳ್ಳೋಕೆ ಹೊರಟವರು ಪಟ್ಟಿಯಲ್ಲಿ ಮೊದಲು ಬರೀಬೇಕಾದ್ದು ಒಂದು ಗಟ್ಟಿ ಐಸ್ ಬಾಕ್ಸ್. ರಾಡ್ ಸಾಧಾರಣದ್ದಾದರೂ ಕೇದರ್ ಸಿಗುತ್ತೆ. ಐಸ್ ಇಲ್ಲದಿದ್ದರೆ ಸಿಕ್ಕ ಕೇದರ್ ಕೂಡ ನಿಮ್ಮದಲ್ಲ.